ಹೆಸರಿಲ್ಲದೆ ಬಂದ ಬಳ್ಳಿ

ನಾವು ನೆಟ್ಟು, ನೀರೆರೆದು, ಗೊಬ್ಬರ ಹಾಕಿ ಸಾಕಿದ ಗಿಡಗಳು ಹೂ ಬಿಡಲು ಎಷ್ಟೊಂದು ಸತಾಯಿಸುತ್ತವೆ! ಗುಲಾಬಿಗೆ ಮೊಟ್ಟೆಯ ಸಿಪ್ಪೆ ಬೇಕು, ಮಲ್ಲಿಗೆಗೆ ಸೆಗಣಿ ನೀರು ಬೇಕು, ಕ್ರೋಟನ್ ಗಿಡಕ್ಕೂ ಒಂದಿಷ್ಟು ಉಪಚಾರ ಬೇಕು. ಯಾರೂ ಕರೆಯದೆ ಬಂದು ಬೆಳೆಯುವ ಗಿಡಗಳಿಗೆ ಮಾತ್ರ ಈ ಬಿಂಕವಿಲ್ಲ. ಕರಾವಳಿಯ ಮಳೆಗಾಲದಲ್ಲಿ ಇಂತಹ ಅತಿಥಿಗಳಿಗೆ ಬರವೂ ಇಲ್ಲ. ನಾಲ್ಕು ಮಳೆ ಬಿದ್ದರೆ ಸಾಕು, ಹಿತ್ತಿಲಿನ ಮೂಲೆಯಲ್ಲಿ ಏನಾದರೊಂದು ತಲೆ ಎತ್ತುತ್ತದೆ. ಹೆಚ್ಚಿನವನ್ನು ನಾವು ಕಳೆಯೆಂದು ಕಿತ್ತೆಸೆಯುತ್ತೇವೆ. ಕೆಲವನ್ನು, ನೋಡಲು ಚೆಂದವೆಂದು ಉಳಿಸಿಕೊಳ್ಳುತ್ತೇವೆ. ಅದರ ಹೆಸರೇನು, ಗುಣವೇನು ಎಂದು ಕೇಳುವ ಅಭ್ಯಾಸ ಕಡಿಮೆ.

ನಮ್ಮ ಮನೆಗೆ ಅಂತಹ ಅತಿಥಿಯೊಂದು ಬಂದದ್ದು 2024ರ ಜೂನ್ ತಿಂಗಳ ಕೊನೆಯಲ್ಲಿ. ಬಕ್ರೀದ್ ಕಳೆದು ಒಂದು ವಾರವಾಗಿರಬಹುದು. ಹಿಂಬದಿಯ ಕಂಪೌಂಡು ಗೋಡೆಯ ಬುಡದಲ್ಲಿ, ದಾಸವಾಳದ ಪೊದೆಯ ನಡುವಿನಿಂದ ಎರಡು ಹಸಿರು ಚಿಗುರುಗಳು ನೆಟ್ಟಗೆ ಎದ್ದು ನಿಂತಿದ್ದವು. ಜುಲೈಯ ಜಡಿಮಳೆಯಲ್ಲಿ ನೋಡನೋಡುತ್ತಿದ್ದಂತೆ ಅವು ದಾಸವಾಳವನ್ನು ಹಿಡಿದುಕೊಂಡು ಗೋಡೆಯ ಎತ್ತರಕ್ಕೆ ಬಂದವು. ಈಟಿಯಂತೆ ನೀಳವಾದ ಎಲೆಗಳು. ಅವುಗಳಿಗೆ ತೊಟ್ಟೇ ಇಲ್ಲ, ನೇರವಾಗಿ ದಂಟಿಗೆ ಅಂಟಿಕೊಂಡಿವೆ. ವಿಚಿತ್ರವೆಂದರೆ ಪ್ರತಿಯೊಂದು ಎಲೆಯ ತುದಿಯೂ ಸಪೂರವಾಗುತ್ತಾ ಹೋಗಿ ಕೊನೆಯಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿತ್ತು. ಆ ಸುರುಳಿಗಳಿಂದಲೇ ಅದು ದಾಸವಾಳದ ಕೊಂಬೆಗಳನ್ನು ಹಿಡಿದುಕೊಳ್ಳುತ್ತಿತ್ತು. ಹಾಗಲ, ಹೀರೆ, ತೊಂಡೆಗಳಿಗೆ ಹಿಡಿಯುವ ಕುಡಿ ಬೇರೆ, ಎಲೆ ಬೇರೆ. ಇಲ್ಲಿ ಎಲೆಯೇ ಕೈಯಾಗಿತ್ತು.

ಏನಿದು ಎಂದು ವಿಚಾರಿಸಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಮೀನು ತರುವಾಕೆ ‘ಕಾಡು ಶುಂಠಿ’ ಎಂದಳು. ಪಕ್ಕದ ಮನೆಯ ಅಕ್ಕ, ಬಿದಿರಿನ ಜಾತಿ ಇರಬೇಕು ಎಂದರು. ನನ್ನ ಮೈದುನ ಫೋನಿನ ಆ್ಯಪಿನಲ್ಲಿ ಎಲೆಯ ಫೋಟೋ ಹೊಡೆದು ಮೂರು ಹೆಸರುಗಳನ್ನು ಓದಿ ಹೇಳಿದ. ಮೂರೂ ಬೇರೆ ಬೇರೆ ಗಿಡಗಳು, ಅದರಲ್ಲಿ ಒಂದು ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಗಿಡ! ಬರೀ ಎಲೆಯಿಂದ ಗಿಡದ ಗುರುತು ಹಿಡಿಯುವುದು, ಬುರ್ಖಾದ ಬಣ್ಣ ನೋಡಿ ಒಳಗಿರುವವರು ಯಾರೆಂದು ಹೇಳಿದಂತೆ. ಹೂವಿನವರೆಗೆ ಕಾಯಬೇಕು ಎಂದು ನಾನು ಸುಮ್ಮನಾದೆ.

ಆಟಿ ತಿಂಗಳು ಮುಗಿಯುವ ಹೊತ್ತಿಗೆ ಹೂ ಬಿಟ್ಟಿತು. ಅಂತಹ ಹೂವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಮೊಗ್ಗು ಹಸಿರಾಗಿ, ತಲೆ ತಗ್ಗಿಸಿಕೊಂಡು ತೂಗುತ್ತಿರುತ್ತದೆ. ಅರಳುವಾಗ ಅದರ ಆರು ಎಸಳುಗಳೂ ಕೆಳಗೆ ಇಳಿಯುವ ಬದಲು ಹಿಂದಕ್ಕೆ, ಮೇಲಕ್ಕೆ ಮಡಚಿಕೊಳ್ಳುತ್ತವೆ. ಗಾಳಿಗೆ ಮಗುಚಿಕೊಂಡ ಕೊಡೆಯ ಹಾಗೆ. ಎಸಳುಗಳ ಅಂಚು ಕತ್ತರಿಯಲ್ಲಿ ಅಲೆಅಲೆಯಾಗಿ ಕತ್ತರಿಸಿ ನೆರಿಗೆ ಹಾಕಿದಂತಿದೆ. ಮೊದಲ ದಿನ ಹಸಿರು ಬೆರೆತ ಹಳದಿ. ಮರುದಿನ ತುದಿಯಿಂದ ಕೆಂಪು ಇಳಿಯತೊಡಗುತ್ತದೆ. ಕೆಲವು ದಿನಗಳಲ್ಲಿ ಬುಡದ ಹಳದಿಯೂ ಮಾಯವಾಗಿ ಇಡೀ ಹೂ ರಕ್ತಗೆಂಪು. ಒಂದೇ ಬಳ್ಳಿಯಲ್ಲಿ ಮೂರು ವಯಸ್ಸಿನ ಮೂರು ಬಣ್ಣದ ಹೂಗಳು! ಮಳೆಯ ಮಂಕು ಬೆಳಕಿನಲ್ಲಿ ಗೋಡೆಯ ಮೇಲೆ ಯಾರೋ ಒಲೆ ಉರಿಸಿಟ್ಟಂತೆ ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರೂ ನಿಂತು ನೋಡಿ ಗೆಲ್ಲು ಕೇಳತೊಡಗಿದರು. ಹೆಸರು ತಿಳಿಯುವವರೆಗೆ ಯಾರಿಗೂ ಕೊಡುವುದಿಲ್ಲ ಎಂದೆ. ಕೆಲವರಿಗೆ ಅದು ಜಿಪುಣತನವಾಗಿ ಕಂಡಿರಲೂಬಹುದು.

ನನ್ನ ತಂಗಿಗೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಅಧ್ಯಾಪಕಿಯೊಬ್ಬರಿದ್ದಾರೆ. ವಾಟ್ಸಾಪಿನಲ್ಲಿ ಅವರಿಗೆ ಹೂವಿನ ಚೆಂದದ ಒಂದು ಫೋಟೋ ಕಳುಹಿಸಿದೆ. ಅವರು ಹೊಗಳಲೂ ಇಲ್ಲ, ಹೆಸರು ಹೇಳಲೂ ಇಲ್ಲ. ಇನ್ನೂ ಐದು ಫೋಟೋ ಬೇಕು ಎಂದರು. ಎಲೆಯ ತುದಿಯದ್ದು, ಎಲೆ ದಂಟಿಗೆ ಸೇರುವ ಜಾಗದ್ದು, ಹೂವನ್ನು ಬದಿಯಿಂದ ತೆಗೆದದ್ದು, ಹೂವಿನ ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ತೆಗೆದದ್ದು, ಕಾಯಿ ಇದ್ದರೆ ಕಾಯಿಯದ್ದು. ನಾಣ್ಯವೇಕೆಂದು ಕೇಳಿದೆ. “ಫೋಟೋದಲ್ಲಿ ತುಂಬೆ ಹೂವೂ ತಾವರೆಯಷ್ಟು ದೊಡ್ಡದಾಗಿ ಕಾಣುತ್ತದಲ್ಲಮ್ಮ” ಎಂದರು.

ಫೋಟೋಗಳು ತಲುಪಿದ ಮೇಲೆ ಅವರೇ ಫೋನ್ ಮಾಡಿ, ಒಂದೊಂದಾಗಿ ನನ್ನ ಬಾಯಿಯಿಂದಲೇ ಹೇಳಿಸಿದರು. ಎಸಳು ಎಷ್ಟು? ಆರು. ಕೇಸರಗಳು? ಆರು, ಛತ್ರಿಯ ಕಡ್ಡಿಗಳಂತೆ ಸುತ್ತಲೂ ಚಾಚಿವೆ. ಮಧ್ಯದಿಂದ ಹೊರಡುವ ಶಲಾಕೆ, ಅಂದರೆ ಹೆಣ್ಣು ಭಾಗದ ಆ ಕಡ್ಡಿ, ನೆಟ್ಟಗಿದೆಯೇ ಬಾಗಿದೆಯೇ? ನೋಡಿದರೆ ಅದು ಬುಡದಲ್ಲೇ ಮೊಣಕೈ ಮಡಚಿದಂತೆ ಬಾಗಿ ಒಂದು ಬದಿಗೆ ಚಾಚಿತ್ತು. ತನ್ನದೇ ಪರಾಗ ತನ್ನ ಮೇಲೆ ಬೀಳದಂತೆ, ಹಾರಿ ಬರುವ ಚಿಟ್ಟೆಯ ರೆಕ್ಕೆಗೆ ತಾಗುವಂತೆ ಈ ಏರ್ಪಾಡು. ಎಲೆಯ ತುದಿಯಲ್ಲಿ ಸುರುಳಿಯಿರುವ ಇನ್ನೊಂದು ಬಳ್ಳಿಯೂ ನಮ್ಮ ಹಿನ್ನೀರಿನ ಅಂಚುಗಳಲ್ಲಿದೆಯಂತೆ. ಅದರ ಹೆಸರು ಫ್ಲಾಜೆಲ್ಲೇರಿಯಾ. ಆದರೆ ಅದರ ಹೂ ಸಣ್ಣದು, ಬಿಳಿ. ಅಂಗಡಿಯ ಲಿಲ್ಲಿಗಳಲ್ಲಿ ಎಸಳು ಹಿಂದಕ್ಕೆ ಮಡಚುವವುಗಳಿವೆ, ಅವುಗಳ ಎಲೆಗೆ ಸುರುಳಿಯಿಲ್ಲ. ಹಿಂದಕ್ಕೆ ಮಡಚಿದ ಬೆಂಕಿ ಬಣ್ಣದ ಎಸಳು, ಬದಿಗೆ ಬಾಗಿದ ಶಲಾಕೆ, ಎಲೆಯ ತುದಿಯ ಸುರುಳಿ, ಈ ಮೂರೂ ಒಟ್ಟಿಗೆ ಸಿಕ್ಕಿದರೆ ಅನುಮಾನವೇ ಬೇಡ ಎಂದರು. ಗ್ಲೋರಿಯೋಸಾ ಸುಪರ್ಬಾ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇಟ್ಟ ಹೆಸರು. ಕನ್ನಡದಲ್ಲಿ ಅಗ್ನಿಶಿಖೆ, ಕೋಳಿಕುಟುಮ, ಅಕ್ಕತಂಗಿ ಬಳ್ಳಿ.

ಹೆಸರು ಸಿಕ್ಕಿದ ಕೂಡಲೇ ಮನೆಯಲ್ಲೆಲ್ಲ ಸಂಭ್ರಮ. ತಮಿಳುನಾಡಿನ ರಾಜ್ಯಪುಷ್ಪ ಇದೇ, ಅಲ್ಲಿ ಇದನ್ನು ಸೆಂಗಾಂದಳ್ ಎನ್ನುತ್ತಾರೆ. ಆಫ್ರಿಕಾದ ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ. ಆ ದೇಶ ಬ್ರಿಟಿಷರ ಕೈಯಲ್ಲಿದ್ದಾಗ, 1947ರಲ್ಲಿ, ಅಲ್ಲಿನ ಶಾಲಾಮಕ್ಕಳು ಹಣ ಕೂಡಿಸಿ ಈ ಹೂವಿನ ಆಕಾರದ ವಜ್ರದ ಬ್ರೂಚ್ ಒಂದನ್ನು ಆಗಿನ ರಾಜಕುಮಾರಿ ಎಲಿಝಬೆತ್‌ಗೆ ಕೊಟ್ಟಿದ್ದರು. “ರಾಣಿ ಸೆರಗಿಗೆ ಸಿಕ್ಕಿಸಿದ ಹೂ ನಮ್ಮ ಹಿತ್ತಿಲಿನಲ್ಲಿ!” ಎಂದು ನನ್ನ ನಾದಿನಿ ನಕ್ಕಳು. ಅವಳಿಗೆ ಆಗ ಎಂಟು ತಿಂಗಳು, ಹೆರಿಗೆಗೆ ತವರಿಗೆ ಬಂದಿದ್ದಳು.

ಅಧ್ಯಾಪಕಿಯ ಮಾತು ಮಾತ್ರ ಅಲ್ಲಿಗೆ ಮುಗಿದಿರಲಿಲ್ಲ. “ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ? ಬಸುರಿಯರಿದ್ದಾರಾ?” ಎಂದು ಕೇಳಿದ್ದರು. ಇಬ್ಬರೂ ಇದ್ದಾರೆಂದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮೂರು ವರ್ಷದ ನನ್ನ ಕಿರಿಯ ಮಗ, ಮತ್ತು ನಾದಿನಿ. ಆಗ ಅವರು ಈ ಗಿಡದ ಇನ್ನಷ್ಟು ಹೆಸರುಗಳನ್ನು ಹೇಳಿದರು. ಸಂಸ್ಕೃತದಲ್ಲಿ ಲಾಂಗಲಿ, ಏಕೆಂದರೆ ನೆಲದೊಳಗಿನ ಗೆಡ್ಡೆ ನೇಗಿಲಿನಂತೆ ಬಾಗಿರುತ್ತದೆ. ಇನ್ನೊಂದು ಹೆಸರು ಗರ್ಭಪಾತಿನಿ. ಅದರ ಅರ್ಥವನ್ನು ಅವರು ಬಿಡಿಸಿ ಹೇಳಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇಡೀ ಗಿಡವೇ ವಿಷ. ಅದರಲ್ಲೂ ಗೆಡ್ಡೆ ಮತ್ತು ಬೀಜ. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಸ್ತು ನಮ್ಮ ದೇಹದ ಜೀವಕೋಶಗಳು ಒಂದು ಎರಡಾಗುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಆದುದರಿಂದ ಬೇಗ ಬೇಗ ಹುಟ್ಟಬೇಕಾದ ಕೋಶಗಳಿಗೆ ಮೊದಲ ಪೆಟ್ಟು. ಕರುಳಿನ ಒಳಪದರ ಕೆಟ್ಟು ವಾಂತಿ, ಭೇದಿ. ಎಲುಬಿನ ಮಜ್ಜೆಗೆ ತಾಗಿ ರಕ್ತಕಣಗಳು ಇಳಿಯುತ್ತವೆ. ಬದುಕಿ ಉಳಿದವರಲ್ಲೂ ಒಂದೆರಡು ವಾರಗಳ ಬಳಿಕ ತಲೆಗೂದಲು ಉದುರುವುದುಂಟು. ತಿಂದ ಕೂಡಲೇ ಏನೂ ಆಗದಿರುವುದೇ ಇದರ ಮೋಸ. ಗಂಟೆಗಳು ಕಳೆದ ಮೇಲೆ ಶುರುವಾಗುತ್ತದೆ. ಶ್ರೀಲಂಕಾದಲ್ಲಿ, ತಮಿಳುನಾಡಿನಲ್ಲಿ ಇದರ ಗೆಡ್ಡೆಯನ್ನು ಗೆಣಸೆಂದು ಬಗೆದು ಬೇಯಿಸಿ ತಿಂದು ಸತ್ತವರಿದ್ದಾರೆ. ಬೇಯಿಸಿದರೂ ವಿಷ ಹೋಗುವುದಿಲ್ಲ.

ಆ ದಿನವೇ ಬಳ್ಳಿಯ ಸುತ್ತ ಹಳೆಯ ಮೀನಿನ ಬಲೆ ಕಟ್ಟಿಸಿದೆ. ವಿಷಯ ಅಷ್ಟಕ್ಕೇ ನಿಂತಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ.

ಮರುವಾರ ಅತ್ತೆಯ ಚಿಕ್ಕಮ್ಮ ನಾದಿನಿಯನ್ನು ನೋಡಲು ಬಂದರು. ನಾವೆಲ್ಲ ಅಜ್ಜಿ ಎಂದೇ ಕರೆಯುವುದು. ತವರು ಕಾಸರಗೋಡಿನ ಕಡೆ. ಆಸ್ಪತ್ರೆಯ ಹೆರಿಗೆ ಅಪರೂಪವಾಗಿದ್ದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೆರಿಗೆಗೆ ನಿಂತವರು. ನನ್ನ ಗಂಡನೂ ಅವರ ಕೈಯಲ್ಲೇ ಹುಟ್ಟಿದ್ದು. ಹಿಂದಿನ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು ಬಳ್ಳಿಯನ್ನು ನೋಡಿ, ನಾವು ತಿಂಗಳುಗಟ್ಟಲೆ ಹುಡುಕಿದ್ದನ್ನು ಒಂದೇ ಕ್ಷಣದಲ್ಲಿ ಹೇಳಿದರು: “ಓ, ಮೇಂದೋನ್ನಿ! ಇದು ಇಲ್ಲಿಗೆ ಹೇಗೆ ಬಂತು?”

ಅವರ ಮುಖದಲ್ಲಿ ಹಳೆಯ ಗೆಳತಿಯನ್ನು ಕಂಡ ಖುಷಿ. ಅತ್ತೆಯನ್ನು ಹತ್ತಿರ ಕರೆದು, ಹೆರಿಗೆ ನೋವು ಶುರುವಾದಾಗ ಇದರ ಗೆಡ್ಡೆಯನ್ನು ಅರೆದು ಅಂಗಾಲಿಗೆ, ಹೊಕ್ಕುಳ ಕೆಳಗೆ ಹಚ್ಚಿದರೆ ಮಗು ಸಲೀಸಾಗಿ ಬರುತ್ತದೆ, ಆಪರೇಶನ್ ತಪ್ಪುತ್ತದೆ ಎಂದರು. ಅತ್ತೆಗೆ ಅಷ್ಟು ಸಾಕಾಗಿತ್ತು. ನಾದಿನಿಗೆ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಎರಡನೆಯದೂ ಹಾಗೆಯೇ ಆಗುತ್ತದೋ ಎಂಬ ಭಯ ಅತ್ತೆಯನ್ನು ತಿಂಗಳುಗಳಿಂದ ತಿನ್ನುತ್ತಿತ್ತು. “ನಾಳೆಯೇ ಅಗೆದು ತೆಗೆದಿಡೋಣ, ಒಣಗಿಸಿ ಇಟ್ಟರೆ ಸಮಯಕ್ಕೆ ಬೇಕಾಗುತ್ತದೆ” ಎಂದರು.

ಸಹೋದರಿಯರೇ, ಸೊಸೆಯಾದವಳಿಗೆ ಇದು ಎಂತಹ ಇಕ್ಕಟ್ಟು ಎಂದು ನಿಮಗೆ ವಿವರಿಸಬೇಕಾಗಿಲ್ಲ. ನೂರಾರು ಮಕ್ಕಳನ್ನು ಕೈಯಲ್ಲಿ ಹಿಡಿದ ಹಿರಿಯರ ಮುಂದೆ, ಫೋನಿನಲ್ಲಿ ಕೇಳಿದ ವಿದ್ಯೆಯನ್ನು ಒಪ್ಪಿಸುವುದು ಹೇಗೆ? ಅಜ್ಜಿಗೆ ಏನೂ ತಿಳಿಯದು ಎನ್ನುವುದು ಅನ್ಯಾಯ. ಗಿಡದ ಗುರುತಿನಲ್ಲಿ ಅವರು ತಪ್ಪಿರಲಿಲ್ಲ. ಈ ಪದ್ಧತಿ ಅವರ ಕಲ್ಪನೆಯೂ ಅಲ್ಲ, ಎಷ್ಟೋ ಊರುಗಳಲ್ಲಿ ಇದ್ದದ್ದೇ. ಮಾತಿಗೆ ಮಾತು ಬೆಳೆಸುವ ಬದಲು ಅಜ್ಜಿಯ ಹತ್ತಿರ ಕೂತು, ಹೇಗೆ ಮಾಡುತ್ತಿದ್ದಿರಿ ಎಂದು ಒಂದೊಂದಾಗಿ ಕೇಳಿದೆ. ಅವರು ಸಂತೋಷದಿಂದಲೇ ಹೇಳಿದರು. ಎಷ್ಟು ಗೆಡ್ಡೆ, ಯಾವ ಕಲ್ಲಿನಲ್ಲಿ ಅರೆಯುವುದು, ಎಲ್ಲಿ ಹಚ್ಚುವುದು. ಕೊನೆಯಲ್ಲಿ, “ಮಗು ಹುಟ್ಟಿದ ಕೂಡಲೇ ತೊಳೆದುಬಿಡಬೇಕು. ಒಂದು ಗಳಿಗೆಯೂ ತಡಮಾಡಬಾರದು. ಅರೆದ ಕಲ್ಲನ್ನು ಮತ್ತೆ ಅಡುಗೆಗೆ ಮುಟ್ಟಿಸಬಾರದು” ಎಂದರು.

“ಯಾಕಜ್ಜಿ?”

ಅಜ್ಜಿ ಒಂದು ಕ್ಷಣ ಸುಮ್ಮನಾದರು. “ತೊಳೆಯದಿದ್ದರೆ ಕೆಡುಕು. ರಕ್ತ ನಿಲ್ಲುವುದಿಲ್ಲ ಎನ್ನುತ್ತಿದ್ದರು.”

ಅವರ ಹಿರಿಯರಿಗೂ ಇದು ವಿಷವೆಂದು ಗೊತ್ತಿತ್ತು. ಬೇರೆ ದಾರಿಯಿಲ್ಲದ ಕಾಲದಲ್ಲಿ, ಪ್ರಾಣ ಹೋಗುತ್ತದೋ ಎಂಬ ಗಳಿಗೆಯಲ್ಲಿ, ಹೆದರಿ ಹೆದರಿ ಬಳಸುತ್ತಿದ್ದ ವಿಷ. ಆಯುರ್ವೇದದ ಗ್ರಂಥಗಳೂ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿಟ್ಟು, ಶೋಧನೆ ಮಾಡದೆ ಬಳಸಬಾರದು ಎನ್ನುತ್ತವೆ. ಆ ಭಯ ಅಜ್ಜಿಯ ಮಾತಿನಲ್ಲಿ ಇನ್ನೂ ಉಳಿದಿತ್ತು. ಅತ್ತೆಯ ಕಿವಿಗೆ ಬಿದ್ದದ್ದು ‘ಸಲೀಸು’ ಎಂಬ ಒಂದು ಮಾತು ಮಾತ್ರ. ಮದ್ದುಗಳ ಮಾತು ಬಾಯಿಂದ ಬಾಯಿಗೆ ಬರುವಾಗ ಎಚ್ಚರಿಕೆಯ ಭಾಗವೇ ಮೊದಲು ಉದುರಿಹೋಗುತ್ತದೆ ಎಂದು ನನಗೆ ಅನಿಸುತ್ತದೆ. ನಮ್ಮಲ್ಲಿ ಆಟಿ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ ಕುಡಿಯುವವರಿದ್ದಾರಲ್ಲ, ಕತ್ತಲಲ್ಲಿ ಬೇರೆ ಮರದ ತೊಗಟೆ ಕೆತ್ತಿ ತಂದು ಕುಡಿದು ಆಸ್ಪತ್ರೆ ಸೇರಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಅತ್ತೆಯನ್ನೂ ಅಜ್ಜಿಯನ್ನೂ ನಾದಿನಿಯ ತಪಾಸಣೆಯ ದಿನ ಜೊತೆಗೆ ಕರೆದುಕೊಂಡು ಹೋದೆವು. ಲೇಡಿ ಡಾಕ್ಟರರಿಗೆ ಅಜ್ಜಿಯೇ ಎಲ್ಲವನ್ನೂ ಹೇಳಿದರು. ಆಕೆ ನಗಲಿಲ್ಲ, ಗದರಲೂ ಇಲ್ಲ. “ಹಿಂದೆ ಕೊಯ್ದು ಹೊಲಿದ ಗಾಯ ಗರ್ಭಕೋಶದ ಮೇಲಿದೆ. ಯಾವುದರಿಂದಲಾದರೂ ನೋವು ಒಮ್ಮೆಲೇ ಜೋರಾದರೆ ಆ ಹೊಲಿಗೆ ಬಿಚ್ಚಿಕೊಳ್ಳಬಹುದು. ನಾವು ಕೊಡುವ ಔಷಧಿಯನ್ನೇ ಇಂತಹವರಿಗೆ ಬಹಳ ಲೆಕ್ಕ ಹಾಕಿ ಕೊಡುತ್ತೇವೆ, ಕೆಲವನ್ನು ಕೊಡುವುದೇ ಇಲ್ಲ. ಚರ್ಮದ ಮೂಲಕ ಎಷ್ಟು ಒಳಗೆ ಹೋಯಿತೆಂದು ಅಳೆಯುವವರು ಯಾರು ಅಜ್ಜಿ?” ಎಂದರು. ಅಜ್ಜಿ ತಲೆಯಾಡಿಸಿದರು. ಅವರ ಕಾಲದಲ್ಲಿ ಹೊಟ್ಟೆ ಕೊಯ್ದು ಹೊಲಿಸಿಕೊಂಡ ಬಸುರಿ ಅವರ ಬಳಿಗೆ ಬಂದಿರಲೇ ಇಲ್ಲವಲ್ಲ.

ವೈದ್ಯ ತಿಳಿಯದವರು ಚಿಕಿತ್ಸೆ ಮಾಡಿ ಕೇಡಾದರೆ ಅದರ ಹೊಣೆ ಅವರದೇ ಎಂದು ಪ್ರವಾದಿ(ಸ) ಕಲಿಸಿದ್ದನ್ನು ಅಬೂದಾವೂದ್ ಸಂಗ್ರಹದಲ್ಲಿ ನಾವು ಕಾಣುತ್ತೇವೆ. ಹಿಂದಿರುಗುವಾಗ ಆಟೋದಲ್ಲಿ ಇದನ್ನು ನೆನಪಿಸಿದ್ದು ನಾನಲ್ಲ, ಅಜ್ಜಿಯೇ. ಅತ್ತೆ ಮಾತ್ರ ಮನೆ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ. ಸೆಪ್ಟೆಂಬರಿನಲ್ಲಿ ನಾದಿನಿಗೆ ಹೆಣ್ಣುಮಗು ಹುಟ್ಟಿತು, ಸಿಸೇರಿಯನ್ ಮೂಲಕವೇ. ತಾಯಿ ಮಗು ಕ್ಷೇಮ, ಅಲ್‌ಹಮ್ದುಲಿಲ್ಲಾಹ್.

ಹೆಸರುಗಳ ವಿಷಯದಲ್ಲಿ ನನ್ನ ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ. ಅಜ್ಜಿಯ ಬಾಯಿಂದ ಬಂದ ಆ ‘ಮೇಂದೋನ್ನಿ’ ಎಷ್ಟು ಹಳೆಯ ಹೆಸರು ಗೊತ್ತೇ? ಮಲಬಾರಿನಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಅಲ್ಲಿನ ಗಿಡಗಳ ಬಗ್ಗೆ ಹನ್ನೆರಡು ಸಂಪುಟಗಳ ‘ಹೋರ್ಟುಸ್ ಮಲಬಾರಿಕುಸ್’ ಗ್ರಂಥವನ್ನು ಮಾಡಿಸಿದರು. ಅದು 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಏಳನೆಯ ಸಂಪುಟದಲ್ಲಿ ಈ ಬಳ್ಳಿಯ ಚಿತ್ರವಿದೆ, ಹೆಸರು ‘ಮೆಂದೋನಿ’. ಲಿನೇಯಸ್ ತನ್ನ ಹೊಸ ಹೆಸರಿಡುವಾಗ ಉಲ್ಲೇಖಿಸಿದ್ದು ಅದೇ ಪುಟವನ್ನು. ಲ್ಯಾಟಿನ್ ಹೆಸರು ಬರುವುದಕ್ಕೂ ಎಷ್ಟೋ ಮೊದಲು ಅಜ್ಜಿಯ ತವರಿನ ಹೆಸರು ಪುಸ್ತಕ ಸೇರಿತ್ತು!

ನಮ್ಮ ಪೂರ್ವಿಕ ಹಕೀಮರಿಗೂ ಹೆಸರಿನ ಗೊಂದಲ ಎಷ್ಟು ಅಪಾಯವೆಂದು ಚೆನ್ನಾಗಿ ತಿಳಿದಿತ್ತು. ಸ್ಪೇನಿನ ಮಾಲಗಾದಲ್ಲಿ ಹುಟ್ಟಿ 1248ರಲ್ಲಿ ದಮಾಸ್ಕಸಿನಲ್ಲಿ ತೀರಿಕೊಂಡ ಇಬ್ನುಲ್ ಬೈತಾರ್ ಸುಮಾರು 1,400 ಔಷಧಗಳ ಬಗ್ಗೆ ಬರೆದರು. ಗಿಡ ಹುಡುಕುತ್ತಾ ಉತ್ತರ ಆಫ್ರಿಕಾ, ಸಿರಿಯಾ ಎಲ್ಲ ಸುತ್ತಿದವರು. ಒಂದು ಗಿಡಕ್ಕೆ ಅರಬಿಯಲ್ಲಿ, ಗ್ರೀಕಿನಲ್ಲಿ, ಬರ್ಬರ್ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಜೊತೆಜೊತೆಗೆ ಬರೆದಿಟ್ಟರು. ಆದಮ್(ಅ)ರಿಗೆ ಅಲ್ಲಾಹನು ಮೊದಲು ಕಲಿಸಿದ್ದು ವಸ್ತುಗಳ ಹೆಸರುಗಳನ್ನು ಎಂದು ಸೂರಃ ಅಲ್ ಬಕರಃದಲ್ಲಿ ಓದುವಾಗ, ಹೆಸರು ಕಲಿಯುವುದರಲ್ಲಿ ಏನಿದೆ ಅಷ್ಟು ದೊಡ್ಡದು ಎಂದು ಚಿಕ್ಕಂದಿನಲ್ಲಿ ನನಗೆ ಅನಿಸುತ್ತಿತ್ತು.

ಕಾಲ್ಚಿಸಿನ್ ನಮ್ಮ ಮನೆಗಳಿಗೆ ಅಪರಿಚಿತವೂ ಅಲ್ಲ. ಗಂಟುನೋವಿಗೆ ಹಿರಿಯರು ಯುನಾನಿ ಅಂಗಡಿಯಿಂದ ತರುವ ಮಾಜೂನ್ ಸುರಂಜಾನ್ ಇದೆಯಲ್ಲ, ಆ ಸುರಂಜಾನ್ ಈ ಬಳ್ಳಿಯ ದೂರದ ನೆಂಟ. 1820ರಲ್ಲಿ ಇಬ್ಬರು ಫ್ರೆಂಚ್ ರಸಾಯನಜ್ಞರು ಈ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಆ ಕುಟುಂಬದ ಗಿಡದಿಂದಲೇ. ಇಂದಿಗೂ ಗೌಟ್ ಎಂಬ ಕೀಲುನೋವಿಗೆ ವೈದ್ಯರು ಕಾಲ್ಚಿಸಿನ್ ಮಾತ್ರೆ ಬರೆಯುತ್ತಾರೆ. ಮಾತ್ರೆಯಲ್ಲಿರುವುದು ಒಂದು ಮಿಲಿಗ್ರಾಮಿಗೂ ಕಡಿಮೆ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಅಷ್ಟು ಕಿರಿದು. ತಮಿಳುನಾಡಿನ ರೈತರು ಇದನ್ನು ಹೊಲಗಳಲ್ಲಿ ಚಪ್ಪರ ಹಾಕಿ ಬೆಳೆಸಿ ಬೀಜವನ್ನು ಔಷಧ ಕಂಪೆನಿಗಳಿಗೆ ಮಾರುತ್ತಾರೆ. ರಮಝಾನಿನಲ್ಲಿ ಇಫ್ತಾರಿಗೆ ತರುವ ಬೀಜವಿಲ್ಲದ ಕಲ್ಲಂಗಡಿಯ ಹಿಂದೆಯೂ ಇದೇ ಕಾಲ್ಚಿಸಿನ್ ಇದೆ. ಅದರ ತಾಯಿಗಿಡದ ವರ್ಣತಂತುಗಳನ್ನು ಇಮ್ಮಡಿಯಾಗಿಸಲು ವಿಜ್ಞಾನಿಗಳು ಬಳಸಿದ್ದು ಇದನ್ನೇ. ಹಾಗೆಂದು ಹಣ್ಣಿನಲ್ಲಿ ವಿಷವೇನೂ ಇರುವುದಿಲ್ಲ, ಹೆದರಬೇಡಿ.

ನಿಮ್ಮ ಹಿತ್ತಿಲಿನಲ್ಲಿ ಈ ಬಳ್ಳಿ ಕಂಡರೆ ಗಾಬರಿಯಿಂದ ಕಿತ್ತು ಬೆಂಕಿಗೆ ಹಾಕಬೇಕಾಗಿಲ್ಲ. ಮುಟ್ಟಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಗೆಡ್ಡೆ ಅಗೆಯುವಾಗ ಕೈಗವಸು ಹಾಕಿಕೊಳ್ಳಿ, ಬಳಿಕ ಸಾಬೂನಿನಿಂದ ಕೈ ತೊಳೆಯಿರಿ. ಗೆಡ್ಡೆಯನ್ನು ಅಡುಗೆಮನೆಯ ಹತ್ತಿರ ತರಬೇಡಿ. ಕಾಯಿ ಬಲಿತಾಗ ಮೂರಾಗಿ ಸೀಳಿ ಒಳಗೆ ಕೆಂಪು ಬೀಜಗಳು ಕಾಣಿಸುತ್ತವೆ. ಮಣಿಯಂತೆ ಹೊಳೆಯುವ ಅವು ಮಕ್ಕಳನ್ನು ಸೆಳೆಯುತ್ತವೆ. ಆದುದರಿಂದ ಕಾಯಿ ಹಸಿರಾಗಿರುವಾಗಲೇ ಕತ್ತರಿಸಿಬಿಡುವುದು ಒಳ್ಳೆಯದು. ಯಾರಾದರೂ ತಿಂದರೆಂದು ಅನುಮಾನ ಬಂದರೂ ವಾಂತಿಗಾಗಿ ಕಾಯಬೇಡಿ, ಮನೆಯಲ್ಲೇ ಬೆರಳು ಹಾಕಿ ವಾಂತಿ ಮಾಡಿಸಲೂ ಬೇಡಿ. ಗಿಡದ ಒಂದು ತುಂಡನ್ನೋ ಫೋಟೋವನ್ನೋ ಜೊತೆಗಿಟ್ಟುಕೊಂಡು, 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ.

ಜನವರಿಯಲ್ಲಿ ಬಳ್ಳಿ ತಾನಾಗಿ ಒಣಗಿ ಬಿದ್ದ ಮೇಲೆ ಗೆಡ್ಡೆಗಳನ್ನು ಅಗೆಸಿದೆವು. ನೇಗಿಲಿನಂತೆಯೇ ಬಾಗಿದ್ದವು. ನಾಲ್ಕನ್ನು ಅಧ್ಯಾಪಕಿ ಬಂದು ಕಾಲೇಜಿನ ಬೇಲಿ ಹಾಕಿದ ಔಷಧಿ ವನಕ್ಕೆ ಕೊಂಡೊಯ್ದರು. ಔಷಧಿಗೆಂದು ಅಗೆದು ಅಗೆದು ಕಾಡಿನಲ್ಲಿ ಇದು ಕಡಿಮೆಯಾಗುತ್ತಿದೆಯಂತೆ. ಒಂದು ತುಂಡು ಗೋಡೆಯ ಕಲ್ಲಿನಡಿಯಲ್ಲಿ ಉಳಿದಿತ್ತೆಂದು ಕಾಣುತ್ತದೆ, 2025ರ ಜೂನಿನಲ್ಲಿ ಮತ್ತೆ ಒಂದು ಚಿಗುರು ಬಂತು. ಈ ಸಲ ಗಟ್ಟಿ ತಂತಿಬಲೆ ಹಾಕಿಸಿ, ತಗಡಿನ ತುಂಡೊಂದರಲ್ಲಿ ‘ಅಗ್ನಿಶಿಖೆ – ವಿಷ – ಮುಟ್ಟಬಾರದು’ ಎಂದು ಬಣ್ಣದಲ್ಲಿ ಬರೆದು ತೂಗುಹಾಕಿದೆ. ಅಜ್ಜಿ ಬಂದಾಗ ಅದನ್ನು ನೋಡಿ, “ಇದರಲ್ಲಿ ಏನು ಬರೆದಿದ್ದೀ?” ಎಂದು ಕೇಳಿದರು. ಅವರಿಗೆ ಕನ್ನಡ ಓದಲು ಬಾರದು, ಮದ್ರಸದಲ್ಲಿ ಕಲಿತದ್ದು ಅರಬಿ ಮಲಯಾಳಂ ಲಿಪಿ. ಓದಿ ಹೇಳಿದೆ. ಅಜ್ಜಿ ಬ್ರಷ್ ಕೊಡು ಎಂದರು. ನಡುಗುವ ಕೈಯಲ್ಲಿ, ನನ್ನ ಸಾಲಿನ ಕೆಳಗೆ, ಬಲದಿಂದ ಎಡಕ್ಕೆ ‘ಮೇಂದೋನ್ನಿ’ ಎಂದು ಬರೆದರು.